ಕಡತ ಮುಗಿದದ್ದಕ್ಕೆ ಗಾಬರಿಯಾದವರಿಗೆ

ಸನ್ಮಾನ್ಯ ಲಿಲಿಪಾಂಡ್ ಅವರಿಗೆ,

ಕೀಬೋರ್ಡಿನಲ್ಲಿ ಕುಟ್ಟಿಕೊಟ್ಟ ಅಕ್ಷರಗಳನ್ನು ಅಂದವಾದ ಪಾಶ್ಚಾತ್ಯ ಸ್ವರಲಿಪಿಯಾಗಿಸುವ ಕೆಲಸವನ್ನು ತಂತ್ರಾಂಶವಾದ ತಾವು 1996ರಿಂದ ಮಾಡುತ್ತ ಬಂದಿದ್ದೀರಿ. ಆ ಕೈಚಳಕದ ಬಗ್ಗೆ ತಕರಾರಿಲ್ಲ. ತಕರಾರಿರುವುದು ನಾವು ತಪ್ಪಿದಾಗ ತಾವು ಕೊಡುವ ದೂರಿನ ಧಾಟಿಯ ಬಗ್ಗೆ. ಮೂರನೇ ಸಾಲಿನಲ್ಲಿ ತೆರೆದ ಪುಷ್ಪಾವರಣವನ್ನು ಮುಚ್ಚಲು ಮರೆತು, ಕೆಳಗೆ ಬರೀ ಸ್ವರಗಳನ್ನೇ ಬರೆದಿದ್ದರೆ ತಾವು ಇನ್ನೂರು ಸಾಲು ತೆಪ್ಪಗೆ ಓದಿ, ಕೊನೆಯಲ್ಲಿ ‘ಅನಿರೀಕ್ಷಿತವಾಗಿ ಕಡತ ಮುಗಿದಿದೆ’ ಎಂದು ಬೆಚ್ಚಿಬೀಳುತ್ತೀರಿ. ಮುಗಿಯದ ಕಡತ ಸರ್ಕಾರಿ ಕಚೇರಿಯಲ್ಲಿ ಮಾತ್ರ ಉಂಟು, ಸ್ವಾಮಿ! ಮೂರನೇ ಸಾಲಿನ ಜ್ವರಕ್ಕೆ ಇನ್ನೂರನೇ ಸಾಲಿಗೆ ಬರೆ. ತಾವು ಕೊಡುವ ಸಾಲಿನ ಸಂಖ್ಯೆ ತಾವು ಎಡವಿದ ಜಾಗದ್ದೇ ಹೊರತು ಕಲ್ಲು ಬಿದ್ದಿರುವ ಜಾಗದ್ದಲ್ಲ. ಇದೊಂದು ಗುಟ್ಟನ್ನು ಮಾತ್ರ ತಾವು ಬಾಯಿಬಿಡುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಮ್ಮ ಅಭಿಮಾನಿಗಳು ನಗಬಹುದು. ಬರೆದವರ ಮನಸ್ಸಿನಲ್ಲಿದ್ದದ್ದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು ಎನ್ನಬಹುದು. ಒಪ್ಪಿದೆ. ನಾಲ್ಕು ಬೀಟಿನ ಬಾರಿನಲ್ಲಿ ‘ಸಿ4 ಡಿ ಇ8 ಎಫ್ ಜಿ |’ ಎಂದು ಬರೆದರೆ, ಕಾಲು ನೋಟಾಗಬೇಕಿದ್ದ ಜಿ ತನಗೆ ಅಂಕಿಯಿಲ್ಲದೆ ಹಿಂದಿನ 8ನ್ನೇ ಹೊದ್ದುಕೊಳ್ಳುತ್ತದೆ. ಆಗ ತಾವು ‘7/8ರಲ್ಲಿ ಬಾರ್ ತಪಾಸಣೆ ವಿಫಲ’ ಎನ್ನುತ್ತೀರಿ. ಎಂಟನೇ ಒಂದು ಭಾಗ ಕಡಿಮೆಬಿದ್ದ ಲೆಕ್ಕ ಅಲ್ಲೇ ಸಿಗುತ್ತದೆ. ಕೊನೆಯ ಆ ‘|’ ಗೆರೆ ಇಲ್ಲದಿದ್ದರೆ ತಾವು ತುಟಿಪಿಟಕ್ಕೆನ್ನದೆ ಮುಂದಿನ ಬಾರುಗಳನ್ನೆಲ್ಲ ಜಾರಿಸಿಬಿಡುತ್ತೀರಿ. ಅಂದರೆ ನಾವು ಉದ್ದೇಶ ಹೇಳಿದಷ್ಟೇ ತಮ್ಮ ದೂರೂ ಸ್ಪಷ್ಟ. ಈ ಮಟ್ಟಿಗೆ ತಪ್ಪು ನಮ್ಮದೇ.

ಆದರೆ ತಮಗೆ ಗೊತ್ತಿರುವುದನ್ನೂ ತಾವು ಪೂರ್ತಿ ಹೇಳುವುದಿಲ್ಲವಲ್ಲ? ಎಫ್ ಶಾರ್ಪ್‌ಗೆ ಇಂಗ್ಲಿಷ್ ರೂಢಿಯಂತೆ ‘ಎಫ್‌ಎಸ್’ ಎಂದರೆ ‘ಅದು ಸ್ವರದ ಹೆಸರಲ್ಲ’ ಎಂದು ಗದರಿಸುತ್ತೀರಿ. ಹುಟ್ಟೂರು ನೆದರ್ಲೆಂಡ್ಸ್ ಆದ್ದರಿಂದ ತಮ್ಮ ಕಿವಿಗೆ ಡಚ್ಚಿನ ‘ಫಿಸ್’ ಮಾತ್ರ ಕೇಳಿಸುತ್ತದೆ. ಭಾಷೆ ಇಂಗ್ಲಿಷ್ ಎಂದು ಮೇಲೆ ಒಂದು ಸಾಲು ಸೇರಿಸಿದರೆ ಅದೇ ಎಫ್‌ಎಸ್ ಸ್ವರವಾಗುತ್ತದೆ! ‘ಡಚ್ಚಿನಲ್ಲಿ ಈ ಹೆಸರಿಲ್ಲ’ ಎನ್ನಲು ಮನಸ್ಸು ಓದುವ ವಿದ್ಯೆ ಬೇಕೆ? ಇನ್ನು ತಮ್ಮ ಒಳಗೇ ಎಡವಟ್ಟಾದಾಗಲಂತೂ, ದೇವರ ಮೇಲೆ ಭಾರ ಹಾಕಿ ಮುಂದುವರಿಯುತ್ತಿದ್ದೇನೆ ಎಂಬರ್ಥದ ಸಾಲೊಂದನ್ನು ಉದುರಿಸಿ ನಡೆದುಬಿಡುತ್ತೀರಿ. ಆ ವಿನಯದಲ್ಲಿ ಒಂದು ಚಿಟಿಕೆ ನಮ್ಮ ತಪ್ಪಿಗೂ ಸಲ್ಲಲಿ: ‘ನಾನು ಎಡವಿದ್ದು ಇಲ್ಲಿ, ಕಲ್ಲು ಮೇಲೆಲ್ಲೋ ಇರಬಹುದು’ ಎನ್ನಿ. ಪ್ರತಿ ಬಾರಿನ ಕೊನೆಗೂ ‘|’ ಗೆರೆ ಎಳೆಯುವ ಹೊಣೆ ನಮಗಿರಲಿ.

ಇಂತಿ,
ಮುಚ್ಚದ ಆವರಣದೊಳಗೆ ಸಿಕ್ಕಿಬಿದ್ದ ತಮ್ಮ ವಿಧೇಯ ಬಳಕೆದಾರ