ಕೊಡಶಾಸ್ತ್ರ ಪ್ರವೇಶಿಕೆ: ಬಿಸಿಲು, ಬರ ಮತ್ತು ಪಾಳಿಯ ತಾತ್ವಿಕ ನೆಲೆಗಳು

ಪ್ರಥಮ ಪ್ರಕರಣ: ಲಕ್ಷಣ

ಬೇಸಿಗೆಯೆಂಬುದು ನಿಜಕ್ಕೂ ಇದೆಯೇ ಎಂಬ ಮೂಲಭೂತ ಪ್ರಶ್ನೆಯನ್ನು ಎತ್ತಿಕೊಳ್ಳದೆ ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ಸೀಮೆಯ ದೈನಂದಿನ ಬದುಕನ್ನು ಕುರಿತು ಏನನ್ನೇ ಹೇಳಹೊರಡುವುದು ಸಂಶೋಧನಾ ಶಿಸ್ತಿಗೆ ಒಗ್ಗದ ಮಾತು. ಬೆವರು, ಬಾಯಾರಿಕೆ, ಕಾದ ತಗಡು, ಬತ್ತಿದ ಬೋರು ಮುಂತಾದವು ಅನುಭವಕ್ಕೆ ಬರುತ್ತವೆಯಾದರೂ ಅನುಭವವು ಪ್ರಮಾಣವಾಗಲಾರದು ಎಂಬುದನ್ನು ಸಂಬಂಧಪಟ್ಟ ಇಲಾಖೆಗಳು ಬಹುಕಾಲದಿಂದ ಸಾಧಿಸುತ್ತ ಬಂದಿವೆ. ಆದ್ದರಿಂದ ಪ್ರಸ್ತುತ ಪ್ರಬಂಧವು ಬಹುಶಿಸ್ತೀಯ ನೆಲೆಯಲ್ಲಿ, ಸೈದ್ಧಾಂತಿಕ ಚೌಕಟ್ಟೊಂದರ ಒಳಗೆ ನಿಂತು, ಸಾಧ್ಯವಾದಷ್ಟೂ ನೆರಳಿನಲ್ಲಿ ಕುಳಿತು, ಈ ವಿಷಯದೊಡನೆ ಅನುಸಂಧಾನ ನಡೆಸಲು ಯತ್ನಿಸುತ್ತದೆ.

ಉಷ್ಣ ಅಲೆ ಎಂದರೆ ಮೈ ಸುಡುವಷ್ಟು ಬಿಸಿಯಾದ ಹವೆ ಎಂದು ಪಾಮರರು ತಿಳಿದಿದ್ದಾರೆ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲುಸೀಮೆಯ ಕೇಂದ್ರದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮುಟ್ಟಿದರಷ್ಟೇ ಸಾಲದು, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೇ ನೇರವಾಗಿ 45 ಡಿಗ್ರಿಗೆ ಏರಬೇಕು. ಅದೂ ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಸತತ ಎರಡು ದಿನ ಹಾಗೆಯೇ ಇರಬೇಕು. ಇಷ್ಟಾದರೆ ಎರಡನೆಯ ದಿನ ಅಲೆಯು ಘೋಷಣೆಗೆ ಅರ್ಹವಾಗುತ್ತದೆ. ಇದರಿಂದ ಎರಡು ಸಿದ್ಧಾಂತಗಳು ಫಲಿಸುತ್ತವೆ. ರಾಣೇಬೆನ್ನೂರಿನ ಬಸ್ ನಿಲ್ದಾಣದಲ್ಲಿ 39.9 ಡಿಗ್ರಿಯಲ್ಲಿ ತಲೆಸುತ್ತಿ ಬಿದ್ದವನು ಅಲೆಗೆ ಸಿಕ್ಕವನಲ್ಲ, ತನ್ನ ಸ್ವಂತ ಜವಾಬ್ದಾರಿಯ ಮೇಲೆ ಬಿದ್ದವನು ಎಂಬುದು ಮೊದಲನೆಯದು. ಪ್ರತಿವರ್ಷ ಸುಡುವ ಊರಿಗೆ ಸುಡುವುದೇ ವಾಡಿಕೆಯಾಗುವುದರಿಂದ ಅಲ್ಲಿ ವಾಡಿಕೆ ಮೀರುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತ ಹೋಗುತ್ತದೆ ಎಂಬುದು ಎರಡನೆಯದು.

ಅಳತೆಯ ಪೆಟ್ಟಿಗೆಯನ್ನು ಕುರಿತು ಇಲ್ಲೊಂದು ಉಪಚರ್ಚೆ ಅನಿವಾರ್ಯ. ತಾಪಮಾಪಕವನ್ನು ಬಿಸಿಲಿಗೆ ಒಡ್ಡುವಂತಿಲ್ಲ. ಬಿಳಿ ಬಣ್ಣ ಬಳಿದ, ಗಾಳಿಯಾಡಲು ಓರೆಪಟ್ಟಿಗಳುಳ್ಳ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಆದಷ್ಟೂ ಹುಲ್ಲಿನ ನೆಲದ ಮೇಲೆ ಇಡಬೇಕು. ಈ ಪೆಟ್ಟಿಗೆಯನ್ನು 19ನೆಯ ಶತಮಾನದಲ್ಲಿ ರೂಪಿಸಿದವನು ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್. ವಿಜ್ಞಾನದ ದೃಷ್ಟಿಯಿಂದ ಇದು ಸರಿಯೇ, ಏಕೆಂದರೆ ಅಳೆಯಬೇಕಾದದ್ದು ಗಾಳಿಯ ಬಿಸಿಯನ್ನೇ ಹೊರತು ಪಾದರಸದ ಮೇಲೆ ಬಿದ್ದ ಬಿಸಿಲನ್ನಲ್ಲ. ಆದರೆ ಕೆರೆಯ ಹೂಳೆತ್ತುವ ಉದ್ಯೋಗ ಖಾತರಿ ಕೆಲಸದಲ್ಲಿ ಬುಟ್ಟಿ ಹೊತ್ತವಳಿಗೆ ಅಂಥ ಪೆಟ್ಟಿಗೆಯನ್ನು ಯಾರೂ ಮಾಡಿಸಿಕೊಟ್ಟಿಲ್ಲ. ದಾಖಲೆಗಳಲ್ಲಿ ಉಳಿಯುವುದು ನೆರಳಿನ ಚರಿತ್ರೆ. ನೆರಳಿನಲ್ಲಿ ಅಳೆದು ಬಿಸಿಲಿನಲ್ಲಿರುವವರ ಬಗ್ಗೆ ತೀರ್ಪು ಕೊಡುವ ಈ ಪದ್ಧತಿಯನ್ನು ಇನ್ನು ಮುಂದೆ 'ಛಾಯಾಮಾಪನ ಪರಂಪರೆ' ಎಂದು ಕರೆಯಲಾಗುವುದು.

ದ್ವಿತೀಯ ಪ್ರಕರಣ: ಉಷ್ಣದ ಚತುರ್ವಿಧ ವರ್ಗೀಕರಣ

ಉಷ್ಣವು ಕಚೇರಿ ಉಷ್ಣ, ಕಾಯಿ ಉಷ್ಣ, ತಗಡು ಉಷ್ಣ, ದರ ಉಷ್ಣ ಎಂದು ನಾಲ್ಕು ಬಗೆ. ಸರಕಾರಿ ಆದೇಶದಿಂದ ಅಸ್ತಿತ್ವಕ್ಕೆ ಬರುವ ಉಷ್ಣವೇ ಕಚೇರಿ ಉಷ್ಣ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವಂತೆ ಆದೇಶ ಹೊರಡುವ ರೂಢಿಯಿದೆ. ಹಾವೇರಿ ಜಿಲ್ಲೆ ಆ ಯಾದಿಯಲ್ಲಿ ಇಲ್ಲದಿರುವುದರಿಂದ ಇಲ್ಲಿ ಕಚೇರಿ ಉಷ್ಣವಿಲ್ಲವೆಂದು ನಿರ್ಣಯಿಸಬಹುದು.

ಕಾಯಿ ಉಷ್ಣವು ಮೆಣಸಿನಕಾಯಿಗೆ ಸಂಬಂಧಿಸಿದ್ದು. ಬ್ಯಾಡಗಿ ಕಾಯಿಯು 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳುಳ್ಳ, ಖಾರಕ್ಕಿಂತ ಕೆಂಪಿಗೆ ಹೆಸರಾದ ಕಾಯಿ. ಒಣಗಲು ಅದಕ್ಕೆ ಬಿಸಿಲು ಬೇಕು, ಹದ ಮೀರಿದರೆ ಬಣ್ಣ ಬಿಳಿಚುತ್ತದೆ, ಬಣ್ಣ ಬಿಳಿಚಿದರೆ ದರ ಬೀಳುತ್ತದೆ. ಹೀಗಾಗಿ ಒಳ್ಳೆಯ ದರ ಕಾಯುವ ಚೀಲಗಳು ಊರಿನ ಸುತ್ತಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಬೇಸಿಗೆಯನ್ನು ತಣ್ಣಗೆ ಕಳೆಯುತ್ತವೆ. ಕಾಯಿಗೆ ಎಷ್ಟು ಬಿಸಿ ಒಗ್ಗುತ್ತದೆ, ಎಷ್ಟು ಬಿಸಿಯಲ್ಲಿ ಅದು ಕೆಡುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು, ಆ ಜ್ಞಾನಕ್ಕೆ ತಕ್ಕಂತೆ ಬಂಡವಾಳ ಹೂಡಿ ಕಟ್ಟಡ ಕಟ್ಟಲಾಗಿದೆ, ಯಂತ್ರ ಕೂರಿಸಲಾಗಿದೆ, ಕರೆಂಟು ಹೋದರೆ ಇರಲೆಂದು ಜನರೇಟರ್ ಇಡಲಾಗಿದೆ.

ತಗಡು ಉಷ್ಣವು ಅದೇ ಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ಸಂಬಂಧಿಸಿದ್ದು. ತಗಡಿನ ಕೆಳಗೆ, ರಾಶಿಯ ಸುತ್ತ ಸಾಲಾಗಿ ಕುಳಿತು, ಮೂಗಿಗೆ ಸೆರಗು ಕಟ್ಟಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಮುರಿಯುವ ಈ ಕೆಲಸದಲ್ಲಿ ಖಾರದ ಧೂಳು ಬೆವರಿನಲ್ಲಿ ಕರಗಿ ಮೊಣಕೈವರೆಗೆ ಇಳಿಯುತ್ತದೆ. ಆ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತಿಲ್ಲ, ಪಕ್ಕದಲ್ಲಿ ಮಲಗಿದ ಕೂಸನ್ನು ಮುಟ್ಟುವಂತಿಲ್ಲ. ಕೂಲಿಯ ಲೆಕ್ಕ ತೂಕದ ಮೇಲೆ ನಡೆಯುವುದರಿಂದ ನೆರಳಿಗೆಂದು, ನೀರಿಗೆಂದು ಎದ್ದುಹೋದ ಪ್ರತಿ ಗಳಿಗೆಯೂ ಸಂಜೆಯ ತಕ್ಕಡಿಯಲ್ಲಿ ಕಡಿಮೆಯಾಗಿ ಕಾಣುತ್ತದೆ. ಒಣಗಿದ ಕಾಯಿಗೆ ತಂಪು ಕಟ್ಟಿಕೊಟ್ಟ ಊರು ಅದನ್ನು ಹಸನು ಮಾಡುವ ಕೈಗಳಿಗೆ ಒಂದು ಫ್ಯಾನು, ಒಂದು ಗುಡಾಣ ನೀರು ಇಡಲು ಇಷ್ಟು ವರ್ಷ ತಡಮಾಡಿದ್ದೇಕೆ ಎಂಬ ಪ್ರಶ್ನೆಗೆ ಸೈದ್ಧಾಂತಿಕ ಚೌಕಟ್ಟಿನಲ್ಲಿ ಉತ್ತರವಿಲ್ಲ. ಚೌಕಟ್ಟಿನ ಹೊರಗೆ ಉತ್ತರವಿದೆ, ಅದನ್ನು ಎಲ್ಲರೂ ಬಲ್ಲರು. ಕಾಯಿ ಕೆಟ್ಟರೆ ನಷ್ಟ ಬರೆಯಲು ಖಾತೆಯಿದೆ, ಹೆಂಗಸು ಕುಸಿದರೆ ಆ ಜಾಗಕ್ಕೆ ನಾಳೆ ಇನ್ನೊಬ್ಬಳು ಬರುತ್ತಾಳೆ.

ನಾಲ್ಕನೆಯದಾದ ದರ ಉಷ್ಣವನ್ನು 2024ರ ಮಾರ್ಚ್ 11ರಂದು, ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಹಚ್ಚಿದಾಗ, ಇಡೀ ನಾಡು ಟಿವಿಯಲ್ಲಿ ನೋಡಿದೆ. ವರ್ಗೀಕರಣ ಇಲ್ಲಿಗೆ ಸಾಕು.

ತೃತೀಯ ಪ್ರಕರಣ: ಬರ ಮೀಮಾಂಸೆ

ಬರ ನಿರ್ವಹಣೆಯನ್ನು ಕುರಿತ 2016ರ ಕೇಂದ್ರ ಕೈಪಿಡಿಯನ್ನು ಅಭ್ಯಾಸ ಮಾಡಿದವರಿಗೆ ಬರವು ಬರುವಂಥದ್ದಲ್ಲ, ಘೋಷಿತವಾಗುವಂಥದ್ದು ಎಂಬುದು ಮನದಟ್ಟಾಗುತ್ತದೆ. ಮೊದಲು ಮಳೆಯ ಕೊರತೆ ಅಥವಾ ಮಳೆಯಿಲ್ಲದ ವಾರಗಳ ಲೆಕ್ಕ ಹೊಂದಬೇಕು. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹಕ್ಕೆ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ ಎಂಬ ಸೂಚ್ಯಂಕಗಳು ಸಾಕ್ಷಿ ನುಡಿಯಬೇಕು. ಬಳಿಕ ನೂರಕ್ಕೆ ಹತ್ತರಂತೆ ಆಯ್ದ ಹಳ್ಳಿಗಳಲ್ಲಿ ಹೊಲಕ್ಕಿಳಿದು ಪರೀಕ್ಷಿಸಬೇಕು. ಕೊನೆಗೆ ಬರವು 'ತೀವ್ರ' ಎಂಬ ಪದವಿಗೇರಿದರೆ ಮಾತ್ರ ರಾಷ್ಟ್ರೀಯ ನಿಧಿಯ ಬಾಗಿಲು ತಟ್ಟಬಹುದು. ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ, ನೆರೆದ ಜನಸಾಗರವನ್ನು ಸುಮ್ಮನಾಗಿಸಿ, ಮಳೆ ಬೆಳೆಯ ಭವಿಷ್ಯವನ್ನು ಒಂದೇ ವಾಕ್ಯದ ಕಾರಣಿಕದಲ್ಲಿ ನುಡಿದು ಕೆಳಗೆ ಜಿಗಿಯುವ ಪದ್ಧತಿಗೆ ಹೋಲಿಸಿದರೆ ಇದು ಹೆಚ್ಚು ವೈಜ್ಞಾನಿಕವೆಂಬುದರಲ್ಲಿ ಅನುಮಾನವಿಲ್ಲ. ಎರಡರಲ್ಲೂ ನುಡಿದ ಮೇಲೆ ಅರ್ಥ ಬಿಡಿಸಲು ಬೇರೆ ಪಂಡಿತರೇ ಬೇಕಾಗುತ್ತಾರೆ, ಹಾಳೆಯ ಖರ್ಚು ಮಾತ್ರ ಕಾರಣಿಕದಲ್ಲಿ ಕಡಿಮೆ.

2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಆಗಿ ಕಳೆದುಹೋಯಿತು. ಜುಲೈ ಮಳೆಗೆ ಎದ್ದು ನಿಂತಿದ್ದ ಗೋವಿನಜೋಳ, ಸೂಲಂಗಿ ಒಡೆದು ಕಾಳು ಕಟ್ಟುವ ಹೊತ್ತಿನಲ್ಲಿ ನೀರು ಕಾಣದೆ, ನೋಡಲು ಹಸಿರಾಗಿಯೇ ಉಳಿಯಿತು. ಸಿಪ್ಪೆ ಸುಲಿದರೆ ಹಲ್ಲುದುರಿದ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಕಾಳು. ಇದಕ್ಕೆ ರಾಜ್ಯ ಸರಕಾರ 'ಹಸಿರು ಬರ' ಎಂಬ ಹೆಸರು ಕೊಟ್ಟು, ಕೇಂದ್ರದ ತಂಡಗಳಿಗೆ ಅದನ್ನು ವಿವರಿಸಿ ಹೇಳಬೇಕಾಯಿತು, ಏಕೆಂದರೆ ಮೇಲಿನಿಂದ ನೋಡುವ ಉಪಗ್ರಹಕ್ಕೆ ಎಲೆ ಕಾಣುತ್ತದೆ, ತೆನೆ ಸುಲಿಯಲು ಅದಕ್ಕೆ ಕೈಯಿಲ್ಲ. ಛಾಯಾಮಾಪನ ಪರಂಪರೆಯು ಹೀಗೆ ನೆಲದಿಂದ ನಾಲ್ಕು ಅಡಿ ಎತ್ತರದ ಪೆಟ್ಟಿಗೆಯಿಂದ ಅಂತರಿಕ್ಷದವರೆಗೆ ಅಖಂಡವಾಗಿ ಹಬ್ಬಿರುವುದು ಗಮನಾರ್ಹ.

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಉಳಿದ 13ರಲ್ಲಿ ಏನು ನಡೆಯುತ್ತಿತ್ತು ಎಂಬುದು ಪ್ರತ್ಯೇಕ ಪಿಎಚ್.ಡಿ.ಗೆ ಯೋಗ್ಯವಾದ ವಿಷಯ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಯಲ್ಲಿ ಬಂದದ್ದು 3,454 ಕೋಟಿ. ನಡುವೆ, ಜನವರಿಯಲ್ಲಿ, ರೈತರ ಖಾತೆಗೆ ಗರಿಷ್ಠ ಎರಡು ಸಾವಿರ ರೂಪಾಯಿಯ ಮೊದಲ ಕಂತು ಜಮೆಯಾಗಿತ್ತು. ಆಗಿನ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ, ಅದೂ ನಷ್ಟ ಶೇ 33ಕ್ಕೆ ಕಡಿಮೆಯಿಲ್ಲದಂತೆ ಆಗಿದ್ದರೆ; ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,400 ರೂಪಾಯಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗಳ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡ ಯಾವ ರೈತನೂ ಈ ಮೊತ್ತದ ಮೇಲೆ ಪ್ರಬಂಧ ಬರೆಯುವ ಗೋಜಿಗೆ ಹೋಗುವುದಿಲ್ಲ.

ಅಳತೆಯ ಈ ಹುಚ್ಚಿಗೆ ಹಳೆಯ ವಂಶವಿದೆ. ಈ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1876ರಿಂದ 78ರವರೆಗಿನ ಮಹಾಕ್ಷಾಮದ ನಡುವೆ, ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಒಬ್ಬ ಆಳು ಎಷ್ಟು ತಿಂದರೆ ಸಾಯದೆ ಉಳಿದಾನು ಎಂಬುದನ್ನು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಪ್ರಯೋಗದಿಂದ ತಿಳಿಯಹೊರಟು, ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಎಂದು ಗೊತ್ತುಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಪ್ರಯೋಗದ ಟಿಪ್ಪಣಿಗಳು ದಫ್ತರುಗಳಲ್ಲಿ ಅಚ್ಚುಕಟ್ಟಾಗಿ ಉಳಿದವು. ಪ್ರಯೋಗಕ್ಕೆ ಒಳಗಾದವರ ಹೆಸರುಗಳನ್ನು ಬರೆದಿಡಬೇಕೆಂದು ಯಾರಿಗೂ ಅನಿಸಲಿಲ್ಲ. ಇಂದು ಯಾರೂ ಹಾಗೆ ಉಪವಾಸದಿಂದ ಸಾಯುತ್ತಿಲ್ಲ, ರೇಶನ್ ಅಕ್ಕಿ ಮನೆಗೆ ಬರುತ್ತದೆ, ಇದು ಸಣ್ಣ ಮಾತಲ್ಲ. ಆದರೆ ಮನುಷ್ಯನನ್ನು ನೋಡುವ ಮೊದಲು ಅವನು ಯಾವ ಕಲಮಿನಡಿ ಬರುತ್ತಾನೆ ಎಂದು ನೋಡುವ ಕಣ್ಣು ಅದೇ ಆಗಿ ಉಳಿದಿದೆ.

ಇನ್ನು ಈ ಶಾಸ್ತ್ರಕ್ಕೆ ಹೆಸರು ಕೊಟ್ಟ ಕೊಡ. ನಳದ ಮುಂದೆ ಸಾಲುಗಟ್ಟಿದ ಪ್ಲಾಸ್ಟಿಕ್ ಕೊಡಗಳನ್ನು ಒಂದು ಪಠ್ಯವೆಂದು ಓದಬೇಕೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. ಒಡತಿಯ ಪರವಾಗಿ ಪಾಳಿಯಲ್ಲಿ ನಿಲ್ಲುವ ಕೊಡ 'ಪ್ರತಿನಿಧಿ ಘಟ'. ಕೊಡವನ್ನು ಮನೆಗೆ ಒಯ್ದಾಗ ಅದರ ಪರವಾಗಿ ಕೂರುವ ಕಲ್ಲು ಅಥವಾ ಹರಿದ ಚಪ್ಪಲಿ 'ಪ್ರತಿ-ಪ್ರತಿನಿಧಿ'. ಎಲ್ಲ ಕೊಡಗಳೂ ಒಂದೇ ಬಣ್ಣದವಾದಾಗ ಕಂಠಕ್ಕೆ ಕಟ್ಟಿದ ಚಿಂದಿ, ಹೊಟ್ಟೆಯ ಮೇಲೆ ಉಗುರುಬಣ್ಣದಲ್ಲಿ ಬರೆದ ಮೊದಲಕ್ಷರ ಒಡೆತನವನ್ನು ಸಾರುತ್ತವೆ. ಬ್ಯಾಡಗಿ ಕಾಯಿಯಿಂದ ತೆಗೆದ ಕೆಂಪು ಉಗುರುಬಣ್ಣದ ತಯಾರಿಕೆಗೂ ಹೋಗುತ್ತದೆಂದು ಮಾರುಕಟ್ಟೆಯಲ್ಲಿ ಹೇಳುವ ಮಾತು ನಿಜವಾದರೆ, ಕಾಯಿ ಹೀಗೆ ಬಾಟಲಿಯೊಳಗೆ ತವರಿಗೆ ಮರಳಿದಂತಾಯಿತು. ಕಾಗಿನೆಲೆಯ ಕನಕದಾಸರು ನಳಚರಿತ್ರೆ ಬರೆದ ನಾಡಿನಲ್ಲಿ ನಳನಿಗಾಗಿ ಕಾಯುವುದು ಸ್ತ್ರೀಯರಿಗೆ ಹೊಸತಲ್ಲ. ದಮಯಂತಿಗೆ ಕೊನೆಯಲ್ಲಾದರೂ ನಳ ಸಿಕ್ಕ.

ನೀರು ಯಾವಾಗ ಬರುತ್ತದೆಂದು ತಿಳಿಯದಿರುವ ಸ್ಥಿತಿಗೆ 'ಜಲಾಗಮನ ಅನಿಶ್ಚಯ' ಎಂದು ಹೆಸರು. ಇದಕ್ಕೆ ಕಾರಣಗಳಿವೆ, ಅವೆಲ್ಲ ನಿಜವಾದವೇ. ಹಾವೇರಿಗೆ ನೀರು ಬರುವುದು ತುಂಗಭದ್ರೆಯಿಂದ, ಕಂಚಾರಗಟ್ಟಿಯ ಜಾಕ್‌ವೆಲ್ ಮೂಲಕ; ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಭದ್ರಾ ಜಲಾಶಯದಿಂದ ಬಿಟ್ಟ ನೀರು ಮರಳು ಕುಡಿದು ಉಳಿದದ್ದಷ್ಟು ಇಲ್ಲಿಗೆ ತಲುಪಬೇಕು; ತಲುಪಿದಾಗ ಕರೆಂಟು ಇರಬೇಕು, ಪಂಪು ನಡೆಯಬೇಕು, ದಾರಿಯಲ್ಲಿ ಪೈಪು ಒಡೆಯದಿರಬೇಕು. ವಾರಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ತಡವಾಗಿ ಸರದಿ ಬಂದರೆ ಅದನ್ನು ಜನ ಸಹಿಸುತ್ತಾರೆ. ಸಹಿಸಲಾಗದ್ದು ಬೇರೆಯೇ ಇದೆ: ಬರುವ ಹೊತ್ತು ವಾಲ್ವ್ ತಿರುಗಿಸುವವನಿಗೆ ಗೊತ್ತು, ಅವನ ಫೋನ್ ನಂಬರ್ ಇದ್ದವರಿಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ನಂಬರ್ ಇಲ್ಲದ ಮನೆಯಲ್ಲಿ ಒಬ್ಬಳು ಕೆಲಸ ಬಿಟ್ಟು ಕಾಯುತ್ತಾಳೆ, ಅಥವಾ ದೊಡ್ಡ ಹುಡುಗಿಯನ್ನು ಮನೆಯಲ್ಲಿ ಉಳಿಸಲಾಗುತ್ತದೆ. 2024ರ ಏಪ್ರಿಲ್‌ನಿಂದ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಬಾರದ ನೀರಿಗಾಗಿ ಕಾದ ಒಂದು ದಿನದ ಬೆಲೆ ಅಷ್ಟು, ಮರುದಿನವೂ ಬಾರದಿದ್ದರೆ ಅದರ ಎರಡರಷ್ಟು. ಈ ಖರ್ಚನ್ನು ಯಾವ ಸೂಚ್ಯಂಕವೂ ಎಣಿಸಿಲ್ಲ, ಯಾವ ತಂಡವೂ ಬಂದು ಬರೆದುಕೊಂಡಿಲ್ಲ.

ಆದ್ದರಿಂದ ಶಾಸ್ತ್ರವನ್ನು ಇಲ್ಲಿಗೆ ಬದಿಗಿಟ್ಟು, ಈ ಮೂರು ಊರುಗಳ ನಗರಸಭೆ, ಪುರಸಭೆಗಳಲ್ಲಿ ಒಂದು ಬಿನ್ನಹ. ಮಳೆ ತರಿಸುವುದು ನಿಮ್ಮ ಕೈಲಿಲ್ಲ, ಹೊಳೆ ತುಂಬಿಸುವುದೂ ಇಲ್ಲ, ಅದನ್ನು ಯಾರೂ ಕೇಳುತ್ತಿಲ್ಲ. ನಾಳೆ ಯಾವ ಓಣಿಗೆ, ಎಷ್ಟು ಹೊತ್ತಿಗೆ ನೀರು ಬಿಡುತ್ತೀರಿ ಎಂಬುದನ್ನು ಇಂದೇ ಹೇಳಿ. ಬಿಡಲಾಗದಿದ್ದರೆ ಆಗುವುದಿಲ್ಲವೆಂದೇ ಹೇಳಿ. ಅದಕ್ಕೆ ಆ್ಯಪ್ ಬೇಡ, ಅಧ್ಯಯನ ತಂಡ ಬೇಡ, ಅನುದಾನವೂ ಬೇಡ. ಕಸದ ಗಾಡಿ ಹೇಗೂ ಮೈಕಿನಲ್ಲಿ ಹಾಡು ಹಾಕಿಕೊಂಡು ಓಣಿಗೆ ಬರುತ್ತದೆ. ಹಾಡು ನಿಲ್ಲಿಸಿ ಅದರಲ್ಲೇ ಹೇಳಿಸಬಹುದು.