ಒಕ್ಕಲಿಗೆ ಹೇಳಿಕೆ ಬಾರದ ಗುಂಡಿ: ಒಂದು ಕಾಲ್ಪನಿಕ ಸಂದರ್ಶನ

ಕಲ್ಲು ಕಡಿದು ಬಿಟ್ಟ ಮುರಕಲ್ಲಿನ ಕೋರೆ ಕರಾವಳಿಯ ಹೊಸ ಜಲಾಶಯ. ಸಾಲಿಗ್ರಾಮದಿಂದ ಮೂಡುಬದಿಯ ಹಾಡಿಗಳತ್ತ ಹೋದವರಿಗೆ ಅದರ ಪರಿಚಯ ಬೇಕಿಲ್ಲ. 2025ರ ಮಳೆಗಾಲದಲ್ಲಿ ಈ ಮುರಕಲ್ಲು, ಅಂದರೆ ಕೆಂಪುಕಲ್ಲು ಸಿಗದೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಮನೆಕೆಲಸ ನಿಂತಾಗ ಪ್ರತಿಭಟನೆಗಳಾದವು, ಮನವಿಗಳು ಹೋದವು. ಕಲ್ಲು ಎದ್ದುಹೋದ ಜಾಗವನ್ನು ಮಾತ್ರ ಯಾರೂ ಮಾತನಾಡಿಸಲಿಲ್ಲ. ಆ ಕೊರತೆಯನ್ನು ಈ ಸಂದರ್ಶನ ನೀಗಿಸುತ್ತದೆ.

ಮೊದಲ ಪ್ರಶ್ನೆ: ಪಕ್ಕದ ಬಾವಿಗಳು ಬೇಸಿಗೆಗೆ ಮೊದಲೇ ಬತ್ತುವುದೇಕೆ?

ಗುಂಡಿಯ ಉತ್ತರ: “ಎಷ್ಟ್ ಮನಿಗೆ ಕಲ್ಲ್ ಕೊಟ್ಟೆ, ಕಾಣಿ. ಒಂದ್ ಒಕ್ಲಿಗಾದ್ರೂ ಹೇಳ್ಕಿ ಬಂತಾ?”

ಒಕ್ಕಲೆಂದರೆ ಗೃಹಪ್ರವೇಶ, ಹೇಳಿಕೆ ಎಂದರೆ ಕರೆ. ಹೋಳಿಗೆ ಊಟ, ಶಾಮಿಯಾನ, ಗೋಡೆಯ ಬಣ್ಣ ಎಂದು ಗುಂಡಿಯ ದೂರು ಬಹಳ ಹೊತ್ತು ನಡೆಯಿತು. ಅದು ಹಾರಿಸಿದ ಉತ್ತರ ಹೀಗಿದೆ. ಮುರಕಲ್ಲಿನ ಮೈತುಂಬ ತೂತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ನೀರಿನ ಒಂದು ಪಾಲು ಆ ತೂತುಗಳ ಮೂಲಕ ಕೆಳಗಿಳಿಯುತ್ತದೆ. ಕಲ್ಲಿನ ಅಡಿಯ ಶೇಡಿಮಣ್ಣು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಅದರ ಮೇಲೆ ನಿಂತ ನೀರು ಮೆಲ್ಲಗೆ ಪಕ್ಕಕ್ಕೆ ಸರಿದು, ಇಳಿಜಾರಿನಲ್ಲಿ ಒರತೆಯಾಗಿ, ಬೈಲಿನ ತೋಡು, ಬಾವಿಗಳನ್ನು ಸೇರುತ್ತದೆ. ಶೇಡಿಯವರೆಗೂ ಕಲ್ಲು ಕಡಿದರೆ ನೀರು ಹಿಡಿದಿಡುವ ಪದರವೇ ಲಾರಿ ಹತ್ತಿದಂತೆ. ಅಂತರ್ಜಲಕ್ಕಿಂತ ಕೆಳಗೆ ಕಡಿಯಲು ಪಂಪು ಹಚ್ಚಿದರೆ ಸುತ್ತಲ ಬಾವಿಗಳ ನೀರೂ ಅತ್ತಲೇ ಹರಿಯುತ್ತದೆ. ಗುಂಡಿಯಲ್ಲಿ ಉಳಿದದ್ದರಲ್ಲಿ ಬಿಸಿಲಿಗೆ ದೊಡ್ಡ ಪಾಲು. ಮನೆಯವರ ಪಾಲಿಗೆ ಟ್ಯಾಂಕರ್.

ಎರಡನೆಯ ಪ್ರಶ್ನೆ ಗದ್ದೆಗೆ ನುಗ್ಗುವ ಕೆಂಪು ಕೆಸರಿನದ್ದಾಗಬೇಕಿತ್ತು. ಆದರೆ ಸಂದರ್ಶಕರಿಗೆ ಕಾಂಪೌಂಡ್ ಗೋಡೆ ಕಂಡರಾಗದು. ಹಿಂದೆ ದರೆಯೋ ಬೇಲಿಯೋ ಇದ್ದ ಕಡೆ ಈಗ ಆಳೆತ್ತರದ ಗೋಡೆ ಏಕೆ, ಪಾಲಾದ ಅಣ್ಣತಮ್ಮಂದಿರ ನಡುವೆ ಒಂದು ಸಾಲದೆ ಎರಡು ಗೋಡೆ ಏಕೆ ಎಂದು ಅವರು ಕೇಳುತ್ತಲೇ ಹೋದರು. ಮೂರನೆಯ ಪ್ರಶ್ನೆಯೂ ಗೋಡೆಯದೇ. ಪಿಕ್ಕಾಸಿನ ಕಾಲದಲ್ಲಿ ಮನೆಗೆ ಬೇಕಾದಷ್ಟೇ ಕಲ್ಲು ಏಳುತ್ತಿತ್ತು, ಯಂತ್ರದ ಗರಗಸ ಬಂದ ಮೇಲೆ ಗೋಡೆಗೂ ಸಾಕಾಗುವಷ್ಟು ಏಳುತ್ತಿದೆ ಎಂಬುದು ಅವರ ಸಿದ್ಧಾಂತ. ಕೆಸರಿನ ಪ್ರಶ್ನೆ ಅಲ್ಲಿಗೇ ಉಳಿಯಿತು.

ನಾಲ್ಕನೆಯದು ಗುಂಡಿಯ ನೆಂಟರಿಷ್ಟರ, ಅಂದರೆ ಬೇರೆ ಗಣಿಗಳ ವಿಚಾರ. ಘಟ್ಟದ ಮೇಲೆ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ತೆರೆದ ಗಣಿ ಇತ್ತು. ಅದರ ಹೂಳು ಭದ್ರೆಗೆ ಇಳಿಯುತ್ತದೆಂಬ ಹೋರಾಟ ಸುಪ್ರೀಂ ಕೋರ್ಟಿನ 2002ರ ತೀರ್ಪಿಗೆ ಮುಟ್ಟಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಜರ್ಮನಿಯ ಲೌಸಿಟ್ಸ್‌ನಲ್ಲಿ ಕಂದು ಕಲ್ಲಿದ್ದಲು ತೆಗೆದ ಗುಂಡಿಗಳು ಈಗ ದೊಡ್ಡ ಕೆರೆಗಳು. ಕಲ್ಲಿದ್ದಲಿನ ಜೊತೆಗಿರುವ ಕಬ್ಬಿಣ-ಗಂಧಕದ ಖನಿಜ ಗಾಳಿ, ನೀರು ತಾಗಿ ಆಮ್ಲವಾಗುತ್ತದೆ. ಅಲ್ಲಿನ ಸ್ಪ್ರೇ ನದಿ ಕಬ್ಬಿಣದ ಕಂದು ಬಣ್ಣಕ್ಕೆ ತಿರುಗಿದ್ದೂ ಹೀಗೆಯೇ. ಇದನ್ನು ಕೇಳಿ ಗುಂಡಿ ಹಿಗ್ಗಿತು: “ನನ್ನ್ ನೀರ್ ಅಷ್ಟ್ ಹುಳಿ ಇಲ್ಲ. ಆದ್ರೂ ಹೇಳ್ಕಿ ಇಲ್ಲ.”

ಕೊನೆಯ ಪ್ರಶ್ನೆ ಮಕ್ಕಳದ್ದು. ಇಲ್ಲಿ ಒಕ್ಕಲಿನ ಮಾತು ನಿಂತಿತು.

“ಶಾಲಿಗ್ ರಜಿ ಇದ್ದಾಗ ಮಕ್ಳ್ ಮೀಯುಕೆ ಬತ್ತೊ. ಕೆರಿಗೆ ಮೆಟ್ಲ್ ಇರುತ್, ನಂಗಿಲ್ಲ. ಹಿಡ್ಕಂಬುಕೆ ಎಂತದೂ ಇಲ್ಲ.”

ಯಂತ್ರ ಕೊರೆದ ಕೋರೆಯ ಬದಿ ನೇರ ಗೋಡೆ. ಮೊದಲ ಹೆಜ್ಜೆಯಲ್ಲೇ ಆಳು ಮುಳುಗುವ ನೀರು. ಕರಾವಳಿಯ ಕೋರೆಗಳಲ್ಲಿ ಮುಳುಗಿದ ಮಕ್ಕಳ ಸುದ್ದಿ ಪತ್ರಿಕೆಗೆ ಹೊಸದಲ್ಲ. ಪ್ರತಿ ಸಲವೂ ಅಧಿಕಾರಿಗಳ ಭೇಟಿ, ಪರಿಹಾರದ ಭರವಸೆ. ಲಾಭ ಎಣಿಸಿದವರು ಎದ್ದು ಹೋಗುತ್ತಾರೆ. ಗುಂಡಿ ತೆರೆದೇ ಇರುತ್ತದೆ. ಇದು ಆಕಸ್ಮಿಕವಲ್ಲ, ಗೊತ್ತಿದ್ದೂ ಮಾಡುವ ಅಸಡ್ಡೆ. ಇದಕ್ಕೆ ವಿಧಿಯನ್ನು ದೂರುವುದು ನಾಚಿಕೆಗೇಡು.

ಕಲ್ಲು ತೆಗೆದವರು ಕೆಲಸ ಮುಗಿಸಿ ನೆಲವನ್ನು ಸುರಕ್ಷಿತ ಮಾಡಿಕೊಡಬೇಕು. ಶೇಡಿಯ ಮೇಲೆ ಒಂದಷ್ಟು ಕಲ್ಲು ಉಳಿಸಬೇಕು, ಬದಿಯನ್ನು ಇಳಿಜಾರು ಮಾಡಬೇಕು, ಕೆಸರುನೀರನ್ನು ತಡೆದು ತಿಳಿಯಾಗಿಸಿ ತೋಡಿಗೆ ಬಿಡಬೇಕು. ಇದಾವುದೂ ಆಗುವವರೆಗೆ, ಮನೆಯ ಸುತ್ತ ಗೋಡೆ ಕಟ್ಟುವ ಊರು ಮೊದಲು ಗುಂಡಿಯ ಸುತ್ತ ಬೇಲಿ ಹಾಕಲಿ.