ಪೆಂಗ್ವಿನ್ ಸಾಕಿದ ಪ್ರಸಂಗ

ನಾನು ನಿವೃತ್ತನಾದ ದಿನ ಕಾಲೇಜಿನವರು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಗಂಧದ ಹಾರ ಹಾಕಿ ಕಳಿಸಿದ್ದರು. ನನ್ನ ಲ್ಯಾಪ್‌ಟಾಪಿಗೆ ಆ ಭಾಗ್ಯವೂ ಇರಲಿಲ್ಲ. ವಿಂಡೋಸ್ 10ರ ಸೇವೆ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ವಿಂಡೋಸ್ 11ಕ್ಕೆ ನಿಮ್ಮ ಯಂತ್ರ ಅರ್ಹವಲ್ಲ ಎಂದು ಒಂದು ಬೆಳಿಗ್ಗೆ ಪರದೆಯ ಮೇಲೆ ಒಕ್ಕಣೆ ಬಂತು, ಅಷ್ಟೆ. 2016ರಲ್ಲಿ ಕೊಂಡದ್ದು. ಕೀಲಿಗಳು ಗಟ್ಟಿ, ಪರದೆ ಸ್ವಚ್ಛ, ಬ್ಯಾಟರಿ ಮಾತ್ರ ನನ್ನ ಮಂಡಿಯ ಹಾಗೆ ಆಗಾಗ ಕೈಕೊಡುತ್ತದೆ. ದುಡಿಯಬಲ್ಲವರನ್ನು ಹುಟ್ಟಿದ ತಾರೀಕು ನೋಡಿ ಮನೆಗೆ ಕಳಿಸುವ ಸಂಕಟ ಬಲ್ಲವನಾದ್ದರಿಂದ ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

"ಇದಕ್ಕೇನಾಗಿದೆ ಮಾವ? ಲಿನಕ್ಸ್ ಹಾಕಿದ್ರೆ ಇನ್ನೂ ಐದು ವರ್ಷ ಓಡುತ್ತೆ" ಎಂದ ಅಕ್ಕನ ಮಗ.

ಲಿನಕ್ಸ್ ನನಗೆ ತೀರ ಅಪರಿಚಿತವೇನಲ್ಲ. ಒಂದು ಕಾಲದಲ್ಲಿ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆಲ್ಲ ಒಂದು ಪೈಸೆ ಪಡೆಯದೆ ಅಂಚೆಯಲ್ಲಿ ಸಿ.ಡಿ. ಕಳಿಸುತ್ತಿದ್ದರು. 2004ರಲ್ಲಿ ಅದನ್ನು ಶುರು ಮಾಡಿದ ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಅದಕ್ಕೂ ಎರಡು ವರ್ಷ ಮೊದಲು ತನ್ನ ಸ್ವಂತ ದುಡ್ಡಿನಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಆಸಾಮಿ. ಅಂಥವನಿಗೆ ಅಂಚೆ ಖರ್ಚು ಯಾವ ಲೆಕ್ಕ ಎಂದುಕೊಂಡು ನಾನೂ ತರಿಸಿದ್ದೆ. ಹಾಕಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಗಿಳಿ ಓಡಿಸಲು ಹಿತ್ತಲ ಸೀಬೆ ಮರಕ್ಕೆ ಕಟ್ಟಿದೆ. ಬಿಸಿಲಿಗೆ ಚೆನ್ನಾಗಿ ಮಿನುಗುತ್ತಿತ್ತು. ಮುಕ್ತ ತಂತ್ರಾಂಶದಿಂದ ನಮ್ಮ ಮನೆಗಾದ ಮೊದಲ ಉಪಕಾರ ಅದು.

ಈ ಸಲ ಹುಡುಗ ಪೆನ್‌ಡ್ರೈವಿನಲ್ಲಿ ತಂದಿದ್ದ. ಒಳಗಿನದೇನನ್ನೂ ಮುಟ್ಟದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದಂತೆ, ಒಪ್ಪಿಗೆಯಾದರೆ ಒಳಗಿಳಿಸುವುದಂತೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ನಮಗೆ ಇಷ್ಟು ಅನುಕೂಲವಿರಲಿಲ್ಲ. "ಯಾವುದು ಹಾಕ್ತೀಯ?" ಎಂದೆ. "ಮಿಂಟ್. ಅದರಲ್ಲೂ ಸಿನಮನ್." ಅಡುಗೆಮನೆಯಿಂದ ಇವಳು ಇಣುಕಿದಳು: "ಪುದೀನ, ಚಕ್ಕೆ ಎರಡೂ ಮನೇಲಿದೆ. ಪಲಾವ್ ಮಾಡ್ಲೇನು?"

ಕೆಲಸದ ನಡುವೆ ಹುಡುಗ ಕಪ್ಪು ಕಿಟಕಿಯೊಂದನ್ನು ತೆರೆದು 'ಸುಡೋ' ಎಂದು ಟೈಪಿಸಿದ. ನನ್ನ ಎದೆ ಧಸಕ್ಕೆಂದಿತು. "ಏನನ್ನಯ್ಯಾ ಸುಡೋದು?" ಅದು ಯಜಮಾನನ ಅಪ್ಪಣೆ, ಮನೆಯೊಡೆಯನ ಅಧಿಕಾರದಲ್ಲಿ ಕೆಲಸ ಮಾಡಿಸುವ ಆಜ್ಞೆ ಎಂದು ಸಮಾಧಾನ ಹೇಳಿದ. ಯಜಮಾನನಾಗಿ ಅಪ್ಪಣೆ ಕೊಟ್ಟು ಅಭ್ಯಾಸವಿಲ್ಲದ ನಾನು ಆ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಸುಳಿಯುವ ಅಗತ್ಯವೂ ಅಷ್ಟಾಗಿ ಬೀಳಲಿಲ್ಲ. ಆದರೆ ಒಂದು ಗುಣ ಹಿಡಿಸಿತು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ಚಿಕ್ಕಕ್ಷರವನ್ನೂ ದೊಡ್ಡಕ್ಷರವನ್ನೂ ಲಿನಕ್ಸ್ ಬೇರೆ ಬೇರೆಯೆಂದೇ ಎಣಿಸುತ್ತದೆ. ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ತಿಳಿಸುವುದರಲ್ಲೇ ಮೂವತ್ತು ವರ್ಷ ಗಂಟಲು ಹರಿದುಕೊಂಡ ಕನ್ನಡ ಮೇಷ್ಟರಿಗೆ ಇಷ್ಟು ಶಿಸ್ತಿನ ವಿದ್ಯಾರ್ಥಿ ಸಿಕ್ಕಿರಲೇ ಇಲ್ಲ.

ಇದು ಪುಕ್ಕಟೆಯಲ್ಲವೇ, ಪುಕ್ಕಟೆಯದಕ್ಕೆ ಬಾಳಿಕೆ ಎಷ್ಟು ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಇಂಗ್ಲಿಷಿನಲ್ಲಿ ಮುಕ್ತಕ್ಕೂ ಪುಕ್ಕಟೆಗೂ ಒಂದೇ ಪದವಾದ್ದರಿಂದ ಮುಕ್ತ ತಂತ್ರಾಂಶ ಚಳವಳಿಯ ಮೂಲಪುರುಷ ರಿಚರ್ಡ್ ಸ್ಟಾಲ್‌ಮನ್ ಎರಡರ ಅಂತರವನ್ನು ಜೀವಮಾನವೆಲ್ಲ ವಿವರಿಸುತ್ತಲೇ ಇರಬೇಕಾಯಿತು. ಕನ್ನಡದಲ್ಲಿ ಹುಟ್ಟಿದ್ದರೆ ಆ ಕಷ್ಟವಿರುತ್ತಿರಲಿಲ್ಲ. ಅವರ ಕಥೆ ಶುರುವಾಗುವುದು ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಕೂಗಿ ಹೇಳುವ ಹಾಗೆ ಅದರ ತಂತ್ರಾಂಶವನ್ನು ತಿದ್ದೋಣವೆಂದರೆ ಮೂಲ ಬರಹವನ್ನು ಕೊಡುವವರಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ ಗ್ನೂ ಯೋಜನೆಯಾಯಿತು. 1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದರ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಸುಮ್ಮನೆ ಹವ್ಯಾಸಕ್ಕೆಂದು ಬರೆದ ಲಿನಕ್ಸ್ ಎಂಬ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಅದಕ್ಕೆ ಬಂದು ಕೂಡಿತು. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸೇ. ಬಾಳಿಕೆಯ ಮಾತು ಅಲ್ಲಿಗೆ ಮುಗಿಯಿತು.

ನನ್ನ ತೊಂದರೆ ಶುರುವಾಗಿದ್ದು ಇಲ್ಲಿಂದ. ಹಳೆಯ ಪ್ರಬಂಧಗಳ ಕಡತ ತೆರೆದರೆ ಒಂದಕ್ಷರ ಕನ್ನಡವಿಲ್ಲ. ರೋಮನ್ ಅಕ್ಷರಗಳ ನೆತ್ತಿಗೆ ಚುಕ್ಕಿ, ಗೀಟು, ಟೋಪಿ. "ನೋಡು, ನಿನ್ನ ಲಿನಕ್ಸಿಗೆ ಕನ್ನಡ ಬರೋದಿಲ್ಲ" ಎಂದು ಗದರಿದೆ. "ಲಿನಕ್ಸಿಗೆ ಬರುತ್ತೆ ಮಾವ, ನೀವೇ ಕನ್ನಡದಲ್ಲಿ ಬರೆದಿಲ್ಲ" ಎಂದ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಆಸ್ಕಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರಿನಲ್ಲಾದರೂ ವೇಷ ಕಳಚಿ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಕನ್ನಡ, ಕನ್ನಡ ಎಂದು ಭಾಷಣ ಮಾಡುತ್ತ ಹತ್ತು ವರ್ಷ ನಾನು ಬರೆದದ್ದು ಇಂಗ್ಲಿಷಿನಲ್ಲಿ! ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡಿಗೆ ತಂದದ್ದಾಯಿತು. ಟೈಪಿಸಲು ನನ್ನ ಬೆರಳಿಗೆ ಒಗ್ಗಿದ್ದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವೇ ಅಲ್ಲೂ ಸಿಕ್ಕಿತು. ಎಫ್ ಒತ್ತಿದರೆ ಒತ್ತಕ್ಷರ, ಯಥಾಪ್ರಕಾರ. ಜೊತೆಗೆ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳು. ಪೆಂಗ್ವಿನ್ ಹೇಗೂ ಲಿನಕ್ಸಿನ ಲಾಂಛನ. ಒಂದು ಕಾಲದಲ್ಲಿ ಹಕ್ಕಿ ಓಡಿಸಲು ಬಳಸಿದ್ದು ಈಗ ನೋಡಿದರೆ ಪಕ್ಷಿಧಾಮ.

ಇತ್ತ ಇವಳಿಗೆ ಏನೂ ಆಗಲೇ ಇಲ್ಲ. ಫೈರ್‌ಫಾಕ್ಸ್ ತೆರೆದಳು, ಅಡುಗೆಯ ವಿಡಿಯೊ ನೋಡಿದಳು, ಊರಾಚೆಯ ಮಗಳೊಂದಿಗೆ ಮುಖ ನೋಡಿ ಮಾತಾಡಿದಳು. ವಾರದ ನಂತರ ಒಂದು ಆಕ್ಷೇಪಣೆ ಬಂತು: "ರೀ, ಇದರಲ್ಲಿದ್ದ ನೀಲಿ ಚಿತ್ರ ಯಾಕೆ ತೆಗೆದ್ರಿ?" ಅದೊಂದೇ. ಹುಡುಗ ನಕ್ಕು, "ಅತ್ತೆ ಎಷ್ಟೋ ವರ್ಷದಿಂದ ಲಿನಕ್ಸಲ್ಲೇ ಇದ್ದಾರೆ. ಅವರ ಆಂಡ್ರಾಯ್ಡ್ ಫೋನಿನೊಳಗೆ ಇರೋದೂ ಅದೇ ಕರ್ನೆಲ್" ಎಂದ.

ಆಗ ನನಗೊಂದು ತತ್ತ್ವ ಹೊಳೆಯಿತು. ಲಿನಕ್ಸ್ ಏನೂ ಗೊತ್ತಿಲ್ಲದವರಿಗೆ ಒಗ್ಗುತ್ತದೆ, ಎಲ್ಲ ಗೊತ್ತಿದ್ದವರಿಗೂ ಒಗ್ಗುತ್ತದೆ. ಒದ್ದಾಡುವವರು ನಡುವೆ ಇರುವ ಅರೆಬೆಂದ ನಾವು. ಯಾವ ಗುಂಡಿ ಎಲ್ಲಿತ್ತು ಎಂಬುದನ್ನು ಗಾಯತ್ರಿ ಜಪದ ಹಾಗೆ ಉರು ಹೊಡೆದವರು, ಮೂಲೆಯ ಗುರುತು ಒಂದಂಗುಲ ಸರಿದರೂ ಧರ್ಮಗ್ಲಾನಿಯಾಯಿತೆನ್ನುವವರು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಅವರಿಗೆ ಅದು ಕಷ್ಟವೆಂದು ಯಾರೂ ಹೇಳಿಕೊಟ್ಟಿಲ್ಲ, ಹಾಗಾಗಿ ಕಷ್ಟವಾಗುವುದಿಲ್ಲ. ವಿಂಡೋಸಿಗೆಂದೇ ಮಾಡಿದ ಲೆಕ್ಕದ ತಂತ್ರಾಂಶವನ್ನೇ ನಂಬಿ ಅಂಗಡಿ ನಡೆಸುವವರು ಮಾತ್ರ ಹಾರುವ ಮುನ್ನ ನೀರಿನ ಆಳ ನೋಡಬೇಕು. ಅಲ್ಲದೆ ಎಲ್ಲರ ಮನೆಗೂ ಒಬ್ಬ ಅಕ್ಕನ ಮಗ ಬೇಕು. ವಿಂಡೋಸ್ ಇದ್ದಾಗಲೂ ಬೇಕಿತ್ತೆನ್ನಿ.

ಒಂದೇ ಒಂದು ಕೊರತೆ ಉಳಿಯಿತು. ನನ್ನ ಪ್ರಿಂಟರ್. ಎಷ್ಟೋ ಪ್ರಿಂಟರುಗಳು ಲಿನಕ್ಸಿನಲ್ಲಿ ತಂತಿ ಚುಚ್ಚಿದೊಡನೆ ನಡೆಯುತ್ತವಂತೆ. ನನ್ನದರ ತಯಾರಕರು ಇದಕ್ಕೆ ಬೇಕಾದ ಡ್ರೈವರ್ ಕೊಟ್ಟಿಲ್ಲ. ಪ್ರಿಂಟರಿನ ಸಿಟ್ಟಿನಿಂದ ಹುಟ್ಟಿದ ಚಳವಳಿ ನಲವತ್ತು ವರ್ಷ ದಾಟಿ, ಜಗತ್ತನ್ನೆಲ್ಲ ಸುತ್ತಿ, ನಮ್ಮ ಮನೆಯ ಪ್ರಿಂಟರಿನ ಮುಂದೆ ಬಂದು ಕೈಕಟ್ಟಿ ನಿಂತಿತು.

ಪ್ರಬಂಧವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ, "ಯಾವುದರಲ್ಲಿ ಮಾಡಿದ್ದು ಸಾರ್?" ಎಂದು ಕೇಳಿದ. ಇಂಥ ಪ್ರಶ್ನೆಗೆ ಮೇಷ್ಟರು ಚುಟುಕಾಗಿ ಉತ್ತರಿಸುವುದುಂಟೆ? ಎಂಐಟಿಯಿಂದ ಹಿಡಿದು ಹೆಲ್ಸಿಂಕಿಯವರೆಗೆ ಬಂದಿದ್ದೆ. ಹಿಂದೆ ಆಧಾರ್ ಕಾರ್ಡ್ ಹಿಡಿದು ನಾಲ್ಕು ಜನ ಸೇರಿದ್ದರು. ಹುಡುಗ ತಾಳ್ಮೆಯಿಂದ ಕೇಳಿಸಿಕೊಂಡು ಪರದೆಯನ್ನೊಮ್ಮೆ ನೋಡಿದ.

"ಪಿಡಿಎಫ್ ತಾನೇ ಸಾರ್? ಒಂದೇ ಕಡೆ ಸಾಕಾ, ಎರಡೂ ಕಡೆ ಹಾಕ್ಲಾ?"